ಪರಪ್ಪ ತಿಂದ ವೀಳ್ಯ

ಮಸೂತಿಯ ಪರಪ್ಪನಿಗೆ ಲಯ ಅನ್ನುವುದು ಹುಟ್ಟಿನಿಂದಲೇ ಇರಲಿಲ್ಲ. ಇದು ಅವನಿಗೆ ಆಗದವರು ಹಬ್ಬಿಸಿದ ಸುದ್ದಿ ಅಂತ ತಿಳಿಯಬೇಡ್ರಿ, ಅವನ ಹೆಂಡತಿ ಚನ್ನವ್ವನೇ ನಾಲ್ಕು ಮಂದಿಯ ಮುಂದೆ ಹೇಳುತ್ತಿದ್ದಳು. ಭಜನೆಯಲ್ಲಿ ಚಪ್ಪಾಳೆ ತಟ್ಟಿದರೆ ಊರೆಲ್ಲ ಒಂದು ಕಡೆ, ಪರಪ್ಪ ಒಂದು ಕಡೆ. ಅವನು ತಲೆ ಅಲ್ಲಾಡಿಸುವುದನ್ನು ನೋಡುತ್ತ ಕುಳಿತವರೂ ಸ್ವಲ್ಪ ಹೊತ್ತಿಗೆ ದಾರಿ ತಪ್ಪುತ್ತಿದ್ದರು. ಹೀಗಾಗಿ ಬೀರಪ್ಪನ ಗುಡಿಯ ಡೊಳ್ಳಿನ ಮೇಳದವರು ಬಹಳ ಹಿಂದೆಯೇ ವಿಚಾರ ಮಾಡಿ ಅವನಿಗೆ ಲಯ ಬೇಡದ ಕೆಲಸ ಕೊಟ್ಟಿದ್ದರು. ಡೊಳ್ಳು ಹೊರುವುದು, ಬಿಸಿಲಿಗೆ ಇಡುವುದು, ಹಾಡಿಕೆಗೆ ಮುಂಚೆ ಹುಲ್ಲಿನ ಉರಿಗೆ ಹಿಡಿದು ಅದರ ಚರ್ಮ ಬಿಗಿ ಮಾಡುವುದು. ಹಾಡಿಕೆ ಸುರುವಾದ ಮೇಲೆ ಎಲ್ಲರ ಚಪ್ಪಲಿ ಕಾಯುವುದು.

ಈ ಕೆಲಸವನ್ನು ಪರಪ್ಪ ಮನಸಿಟ್ಟು ಮಾಡಿದ. ಹೇಳುವಾಗ ಮಾತ್ರ ಸ್ವಲ್ಪ ತಿರುವಿ ಹೇಳುತ್ತಿದ್ದ. ಮಗಳು ಕಸ್ತೂರೆವ್ವನನ್ನು ನೋಡಲು ಇಂಡಿ ತಾಲೂಕಿನ ಸಾಲೋಟಗಿಯಿಂದ ವರನ ತಂದೆ ರೇವಣಪ್ಪ ಬಂದಿದ್ದಾಗ, ಮಾತಿಗೆ ಮಾತು ಬಂದು, "ಮ್ಯಾಳದಾಗ ನೀವೇನ್ ಮಾಡ್ತೀರಿ?" ಅಂತ ಕೇಳಿದ.

"ನಾ ಇಲ್ದ ಡೊಳ್ಳು ಗುಡಿ ಬಿಟ್ಟು ಹೊರಗ ಬರೂದಿಲ್ರಿ," ಅಂದ ಪರಪ್ಪ.

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ರೇವಣಪ್ಪ ಮಾತ್ರ ಈ ಮನುಷ್ಯ ಮೇಳದ ಹಿರಿಯನೇ ಇರಬೇಕು ಅಂತ ತಿಳಿದ. ಪರಪ್ಪ ತಿದ್ದಲು ಬಾಯಿ ತೆರೆದ, ಅಷ್ಟರಲ್ಲಿ ಚನ್ನವ್ವ ಚಹಾ ತಂದಳು, ಬಾಯಿ ತೆರೆದದ್ದು ಚಹಾ ಕುಡಿಯಲು ಉಪಯೋಗವಾಯಿತು. ಲಗ್ನ ಆಯಿತು. ಆಮೇಲೆ ಬೀಗರ ಊರಿಗೆ ಹೋದಾಗೊಮ್ಮೆ ಆ ಮಾತಿಗೆ ಸ್ವಲ್ಪ ಮಣ್ಣು, ಸ್ವಲ್ಪ ನೀರು ಬೀಳುತ್ತ ಹೋಯಿತು. ಒಂದು ಸಲ ಬಾಗೇವಾಡಿಯಲ್ಲಿ ತಮ್ಮ ಮೇಳ ಗೆದ್ದು ಬಂದದ್ದನ್ನು ಹೇಳಿದ. ಇನ್ನೊಂದು ಸಲ ಸಿಂದಗಿಯವರು ಸೋತು ಎದ್ದು ಹೋದದ್ದನ್ನು ಹೇಳಿದ. ಎಲ್ಲ ಖರೆಯೇ. ತಾನು ಆ ಹೊತ್ತಿಗೆ ಚಪ್ಪಲಿ ಪಕ್ಕ ಕುಳಿತಿದ್ದೆ ಅನ್ನುವುದೊಂದು ಬಿಟ್ಟುಹೋಗುತ್ತಿತ್ತು.

ಸಾಲೋಟಗಿಯ ಮಂದಿಗೆ ಇಂಥ ಸುದ್ದಿ ಕೇಳುವ ಹುರುಪು ಜಾಸ್ತಿ. ಅವರ ಊರಲ್ಲಿ ಹಳೇ ಅಕ್ಷರ ಕೆತ್ತಿದ ಕಲ್ಲಿನ ಕಂಬ ಇದೆ. ಹಿಂದಿನ ಕಾಲಕ್ಕೆ ಅಲ್ಲಿ ದೊಡ್ಡ ಸಾಲಿ ಇತ್ತು, ದೂರದೂರದ ನಾಡಿನವರು ಬಂದು ಕಲಿಯುತ್ತಿದ್ದರು ಅಂತ ಅದರಲ್ಲಿ ಬರೆದಿದೆಯಂತೆ. ಆ ಅಕ್ಷರ ಓದಲು ರೇವಣಪ್ಪನ ಓಣಿಯಲ್ಲಿ ಒಬ್ಬರಿಗೂ ಬರುತ್ತಿರಲಿಲ್ಲ. ಆದರೂ ಆ ಕಲ್ಲಿನ ದೆಸೆಯಿಂದ ತಾವೆಲ್ಲ ತಿಳಿದವರು, ಯಾವುದನ್ನು ನೋಡಿದರೂ ಅದರ ಒಳಗಿನ ಅರ್ಥ ತಮಗೆ ಹೊಳೆಯುತ್ತದೆ ಅನ್ನುವ ನಂಬಿಕೆ ಮನೆಮನೆಗೂ ಇತ್ತು. ಮುಂದೆ ಪರಪ್ಪನ ಮಾನ ಉಳಿಸಿದ್ದರಲ್ಲಿ ಈ ನಂಬಿಕೆಯ ಪಾಲೂ ಇದೆ.

ತುರ್ತು ಪರಿಸ್ಥಿತಿ ಬಂದು, ಸರಕಾರಿ ಬಸ್ಸು ಸೈತ ವೇಳೆಗೆ ಸರಿಯಾಗಿ ಬರಲು ಹತ್ತಿದ ಕಾಲ. ಪರಪ್ಪ ಮಗಳ ಮನೆಗೆ ಹೋದಾಗ ರೇವಣಪ್ಪ ಹೋಳಿಗೆ ಊಟ ಹಾಕಿಸಿದ. ಊಟ ಮುಗಿದು ಕಟ್ಟೆಗೆ ಬಂದು ಕೂತರೆ, ಓಣಿಯ ಹಿರಿಯರೆಲ್ಲ ಸೇರಿದ್ದಾರೆ. ರೇವಣಪ್ಪ ಹಿತ್ತಾಳೆ ತಾಟಿನಲ್ಲಿ ಎಲೆ, ಅಡಕೆ, ತೆಂಗಿನಕಾಯಿ ಇಟ್ಟು ಪರಪ್ಪನ ಮುಂದೆ ಹಿಡಿದ.

"ಬೀಗರ, ಬರೂ ಸೋಮಾರ ಮೊಮ್ಮಗಂದು ಜಾವಳ. ನಿಮ್ಮ ಮ್ಯಾಳ ನಮ್ಮ ಹಂದರದಾಗ ಹಾಡಬೇಕು. ವೀಳ್ಯ ಹಿಡೀರಿ."

ಇಲ್ಲಿ ಒಂದು ಮಾತು ಹೇಳಬೇಕು. ಮೇಳಕ್ಕೆ ಕೊಡುವ ವೀಳ್ಯ ಅಂದರೆ ತಿನ್ನುವ ಎಲೆ ಅಲ್ಲ. ಅದನ್ನು ಎರಡೂ ಕೈಯಲ್ಲಿ ತಗೊಂಡು, ಕಣ್ಣಿಗೆ ಒತ್ತಿಕೊಂಡು, ಶಲ್ಯದ ಸೆರಗಿನಲ್ಲಿ ಗಂಟು ಹಾಕಿ ಊರಿಗೆ ತರಬೇಕು. ಗುಡಿಯಲ್ಲಿ ಡೊಳ್ಳಿನ ಮುಂದೆ ಇಡಬೇಕು. ಹಿರಿಯರು ಕುಳಿತು ಹೂಂ ಅಂದರೆ ಆವಾಗ ಮೇಳ ಕಟ್ಟಿಬಿದ್ದಂತೆ. ಆದರೆ ಪರಪ್ಪ ಈ ಪದ್ಧತಿಯನ್ನು ಎಂದೂ ಕಣ್ಣಾರೆ ನೋಡಿದವನಲ್ಲ. ವೀಳ್ಯ ಕೊಡುವ ಹೊತ್ತಿಗೆ ಅವನು ಹಿತ್ತಲಲ್ಲಿ ಒಣಹುಲ್ಲು ಹುಡುಕುತ್ತಿರುತ್ತಿದ್ದ. ಈಗ ಹೊಟ್ಟೆ ತುಂಬಾ ಹೋಳಿಗೆ, ಮುಂದೆ ಎಲೆ ಅಡಕೆ. ಯಾವ ಬೀಗನಾದರೂ ಏನು ಮಾಡಿಯಾನೋ ಅದನ್ನೇ ಮಾಡಿದ. ಎಲೆಯ ತೊಟ್ಟು ಮುರಿದ, ಸುಣ್ಣ ಕೇಳಿ ಹಚ್ಚಿದ, ಅಡಕೆ ದವಡೆಗೆ ಇಟ್ಟ, ಜಗಿದ.

ಕಟ್ಟೆಯ ಮೇಲಿದ್ದವರೆಲ್ಲ ಅವನ ದವಡೆಯನ್ನೇ ನೋಡಿದರು.

"ಅಲ್ಲೇ ತಿಂದ್ರು," ಅಂದ ಒಬ್ಬ ಮುದುಕ ಮೆಲ್ಲಗೆ.

"ಮ್ಯಾಳಕ್ಕ ಕೇಳೂದಿಲ್ಲ, ಹೇಳೂದಿಲ್ಲ," ಅಂದ ರೇವಣಪ್ಪ. ಅವನ ಎದೆ ಉಬ್ಬಿತ್ತು. "ಇವ್ರು ಹೂಂ ಅಂದ್ರ ಆತು. ಅಂಥಾ ಹಿಡಿತ ಐತಿ ನಮ್ಮ ಬೀಗರದು."

ಹೊತ್ತು ಮುಳುಗುವುದರೊಳಗೆ ಮಸೂತಿಯ ಹಿರಿಯ ವೀಳ್ಯ ತಿಂದ ಸುದ್ದಿ ಊರು ತುಂಬಿತು. ಪರಪ್ಪ ಬಸ್ಸಿಗೆ ಹೊರಟಾಗ ಕಸ್ತೂರೆವ್ವ ಕೂಸನ್ನು ಟೊಂಕದ ಮೇಲೆ ಹೊತ್ತು ಊರಬಾಗಿಲ ಅಗಸಿಯ ತನಕ ಬಂದಳು.

"ಯಪ್ಪಾ, ಬರ್ತೀ ಹೌದಲ್ಲೋ? ನಮ್ಮತ್ತಿ ದಿನಾ ಅಂತಾಳ, ನಿನ್ನ ತವರಿನಿಂದ ಏನ್ ಬಂತು, ಬರೇ ಡೊಳ್ಳಿನ ಸುದ್ದಿ ಬಂತು ಅಂತ. ಈ ಮನ್ಯಾಗ ನಂದು ಅಂತ ಹೇಳ್ಕೊಳ್ಳಾಕ ಇರೂದು ಅದೊಂದ. ಮ್ಯಾಳ ಬರಲಿಲ್ಲಂದ್ರ ನಾ ಇಲ್ಲಿ ತಲಿ ಎತ್ತಿ ತಿರಗೂದು ಮುಗೀತು."

"ಬರ್ತೇನವ್ವ," ಅಂದ ಪರಪ್ಪ. ಬಾಯಲ್ಲಿ ಇನ್ನೂ ಎಲೆ ಇತ್ತು.

ಮಸೂತಿಯಲ್ಲಿ ಮೇಳದ ಖರೇ ಹಿರಿಯ ಶಂಕರೆಪ್ಪ. ಎತ್ತರದ ಆಳು, ದೊಡ್ಡ ದನಿ, ರೀತಿ ರಿವಾಜು ಅಂದರೆ ಜೀವ ಬಿಡುವವನು. ಗುಡಿ ಕಟ್ಟೆಯ ಮೇಲೆ ಅವನು ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದ.

"ವೀಳ್ಯ ಎಲ್ಲೈತಿ?"

ಪರಪ್ಪ ತನ್ನ ಹೊಟ್ಟೆಯ ಕಡೆ ನೋಡಿಕೊಂಡ. "ತಿಂದ್ನಿರಿ."

"ಏನ್ ತಿಂದಿ?"

"ಎಲಿ, ಅಡಕಿ. ಸುಣ್ಣ ಅವರ ಮನೀದು."

"ಕಾಯಿ?"

"ಕಾಯಿ ಇವತ್ತ ಮುಂಜಾನಿ ಚನ್ನವ್ವ ಚಟ್ನಿ ಅರದಾಳ್ರಿ."

ಬೀರಪ್ಪನಿಗೆ ಸಲ್ಲಬೇಕಾದ ವೀಳ್ಯ ಒಬ್ಬ ಚಪ್ಪಲಿ ಕಾಯುವವನ ಹೊಟ್ಟೆಯಲ್ಲಿ ಕರಗಿದ್ದು ಶಂಕರೆಪ್ಪನ ಅಜ್ಜ ಮುತ್ತಜ್ಜರ ಕಾಲದಲ್ಲೂ ನಡೆದಿರಲಿಲ್ಲ.

"ಅಣ್ಣಾ, ಮಗಳ ಮಾರಿ ನೋಡ್ರಿ," ಅಂದ ಪರಪ್ಪ.

"ಆಕಿ ನನಗೂ ಮಗಳ ಇದ್ಹಂಗ. ಆದ್ರ ಇವತ್ತ ನಾ ಹೋದ್ನಿ ಅಂದ್ರ, ನಾಳೆ ಕಂಡಕಂಡಾಂವ ಕಂಡಲ್ಲಿ ಎಲಿ ತಿಂದು ಬಂದು ಹಾಡ್ರಿ ಅಂತಾನ. ಡೊಳ್ಳಿನ ಮುಂದ ವೀಳ್ಯ ಇಲ್ದ ನಮ್ಮ ಮ್ಯಾಳ ಏಳೂದಿಲ್ಲ." ಶಂಕರೆಪ್ಪ ಎದ್ದು ಧೋತ್ರ ಝಾಡಿಸಿದ. "ತಿಂದಾಂವ ಹಾಡ್ಲಿ."

ಈ ತೀರ್ಪು ಪರಪ್ಪನಿಗಿಂತ ಮುಂಚೆ ಅವನ ಮನೆ ಮುಟ್ಟಿತ್ತು. ಚನ್ನವ್ವ ಅಂಗಳದಲ್ಲಿ ಒಳ್ಳಿಗೆ ಮೆಣಸಿನಕಾಯಿ ಹಾಕಿ ಕುಟ್ಟುತ್ತಿದ್ದಳು. ಎದುರಿಗೆ ಇನ್ನೊಂದು ಒನಕೆ ಹಿಡಿದು ನಿಂತವಳು ಪಕ್ಕದ ಮನೆಯ ಲಕ್ಕವ್ವ. ಲಕ್ಕವ್ವನಿಗೆ ಹುಟ್ಟಾ ಕಿವಿ ಕೇಳುತ್ತಿರಲಿಲ್ಲ, ಹೀಗಾಗಿ ಮಾತೂ ಬಂದಿರಲಿಲ್ಲ. ಪರಪ್ಪ ಕಟ್ಟೆಯ ಮೇಲೆ ಕುಸಿದು ಕುಳಿತ.

"ಏನ್ ಮಾಡಾವ್ರು ಈಗ?" ಅಂದಳು ಚನ್ನವ್ವ, ಒನಕೆ ನಿಲ್ಲಿಸದೆ.

"ಹಾಡಾವ್ರು ಬರೂದಿಲ್ಲ."

"ಹಾಡಾವ್ರು ಬರದಿದ್ರ, ಯಾರನ್ನ ಹಾಡಾಕ ಬಿಟ್ಟಿಲ್ಲೋ ಅವರನ್ನ ಕರ್ಕೊಂಡು ಹೋಗೂಣು. ಅವರಿಗಾರ ಯಾರೂ ಬ್ಯಾಡ ಅನ್ನೂದಿಲ್ಲ."

"ಯಾರದಾರ ಅಂಥಾವ್ರು?"

"ಮೊದಲ ಈಕಿ ಅದಾಳ."

ಪರಪ್ಪ ತಲೆ ಎತ್ತಿದ. ಒಂದು ಒಳ್ಳಿನಲ್ಲಿ ಎರಡು ಒನಕೆ ಬೀಳುತ್ತಿದ್ದವು. ಒಂದು ಏರಿದಾಗ ಒಂದು ಇಳಿಯುತ್ತಿತ್ತು. ಕೂದಲೆಳೆ ತಪ್ಪಿದರೂ ಒನಕೆಗೆ ಒನಕೆ ಹೊಡೆದು ಕೈ ಮುರಿಯಬೇಕು. ಲಕ್ಕವ್ವ ಒಳ್ಳಿನ ಕಡೆ ನೋಡುತ್ತಲೇ ಇರಲಿಲ್ಲ. ಅವಳ ಕಣ್ಣು ಚನ್ನವ್ವನ ಭುಜದ ಮೇಲಿತ್ತು. ಚನ್ನವ್ವ ಬೇಕಂತಲೇ ಕೈ ತೀವ್ರ ಮಾಡಿದಳು, ಲಕ್ಕವ್ವನೂ ಮಾಡಿದಳು. ಚನ್ನವ್ವ ಒಮ್ಮೆಲೆ ನಿಧಾನ ಮಾಡಿದಳು, ಅವಳ ಒನಕೆ ಗಾಳಿಯಲ್ಲಿ ಒಂದು ಗಳಿಗೆ ನಿಂತು, ತನ್ನ ಪಾಳಿ ಬಂದಾಗ ಇಳಿಯಿತು. ಈ ಕುಟ್ಟುವುದನ್ನು ಪರಪ್ಪ ವರ್ಷಗಟ್ಟಲೆ ನೋಡಿದ್ದ. ಇಡೀ ಊರಿನಲ್ಲಿ ತಪ್ಪದ ಲಯ ಯಾರದಾದರೂ ಇದ್ದರೆ ಅದು ಇವಳದು ಅಂತ ಅವನಿಗೆ ಆಗ ತಿಳಿಯಿತು.

ಎರಡನೆಯವನು ಖಾಜಾಸಾಬ. ಪರಪ್ಪನ ಓರಗೆಯವನು, ಒಂದು ಕಾಲಕ್ಕೆ ಮೇಳದಲ್ಲಿ ತಾಳ ಹಿಡಿಯುತ್ತಿದ್ದವನು. ಹತ್ತಿಯ ಬೀಜ ಬಿಡಿಸುವ ಮಿಲ್ಲಿನಲ್ಲಿ ಎಡಗೈ ಹೋದ ಮೇಲೆ ಮೇಳದವರು ಅವನನ್ನು ಬಾ ಅಂತಲೂ ಅಂದಿರಲಿಲ್ಲ, ಬೇಡ ಅಂತಲೂ ಅಂದಿರಲಿಲ್ಲ. ಸುಮ್ಮನೆ ಅವನ ಜಾಗದಲ್ಲಿ ಬೇರೆಯವರು ಕುಳಿತಿದ್ದರು.

"ತಾಳ ಅಂದ್ರ ಎರಡು ಬಟ್ಟಲು. ನನಗ ಕೈ ಒಂದ ಐತೆಪಾ, ಪರಪ್ಪ," ಅಂದ ಖಾಜಾಸಾಬ.

"ನನಗ ಎರಡು ಕೈ ಅದಾವು, ಲಯ ಇಲ್ಲ. ನಿಂದು ನಂದು ಕೂಡಿಸಿದ್ರ ಒಂದು ಆಳಿಗಿ ಸಾಲೂದಿಲ್ಲೇನು?"

ಖಾಜಾಸಾಬ ಅವನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದ. ಆಮೇಲೆ ಒಳಗೆ ಹೋಗಿ, ಹಳೇ ಪೆಟ್ಟಿಗೆಯಲ್ಲಿ ಅರಿವೆ ಸುತ್ತಿ ಇಟ್ಟಿದ್ದ ತಾಳದ ಜೋಡಿ ತಂದ. ಹೊಳೆಯುತ್ತಿತ್ತು. ಕೈ ಹೋದ ಮೇಲೂ ಅದನ್ನು ತಿಕ್ಕಿ ಇಡುವುದನ್ನು ಅವನು ಬಿಟ್ಟಿರಲಿಲ್ಲ.

ಮೂರನೆಯವನು ಕುರಿ ಕಾಯುವ ಅಮೋಘಸಿದ್ಧ. ಹರೆಯದವನು, ಮಾತಾಡಿದರೆ ತೊದಲು. ಒಮ್ಮೆ ಮೇಳ ಸೇರಲು ಬಂದಾಗ ಹೆಸರು ಹೇಳು ಅಂದಿದ್ದರು. ಅವನ ಹೆಸರೋ ಉದ್ದ, ಅರ್ಧಕ್ಕೆ ಬರುವುದರೊಳಗೆ ಯಾರೋ ನಕ್ಕರು, ಅವನು ತಿರುಗಿ ಹೋದವನು ಮತ್ತೆ ಗುಡಿ ಕಡೆ ಬಂದಿರಲಿಲ್ಲ. ಹಿಂಡಿನ ಹಿಂದೆ ಮಾತ್ರ ಹಾಡುತ್ತಿದ್ದ. ಹಾಡುವಾಗ ತೊದಲು ಎಲ್ಲಿ ಹೋಗುತ್ತಿತ್ತೋ ಆ ದೇವರಿಗೇ ಗೊತ್ತು. ಗುಡಿಗೆ ಅಲ್ಲ, ಊರ ಹೊರಗಿನ ಕಣಕ್ಕೆ ಅಂದ ಮೇಲೆ ಬರಲು ಒಪ್ಪಿದ.

ಡೊಳ್ಳಿಗೆ ಚಿಂತೆ ಇರಲಿಲ್ಲ. ಬಿಸಿಲಿಗೆ ಇಡಲು ಪರಪ್ಪ ಅದನ್ನು ಹೊತ್ತು ತಿರುಗುವುದು ದಿನದ ನೋಟ. ಊರ ಹೊರಗೆ ಖಾಜಾಸಾಬನ ಕಣದಲ್ಲಿ ಅಭ್ಯಾಸ ಸುರುವಾಯಿತು. ಅದನ್ನು ಅಭ್ಯಾಸ ಅನ್ನುವುದು ತಪ್ಪಾದೀತು. ಅಮೋಘಸಿದ್ಧ ಹಾಡು ಎತ್ತಲು ಡೊಳ್ಳಿನ ಪೆಟ್ಟಿಗಾಗಿ ಕಾಯುತ್ತಿದ್ದ. ಡೊಳ್ಳು ಕಟ್ಟಿಕೊಂಡ ಲಕ್ಕವ್ವ ಪೆಟ್ಟು ಹಾಕಲು ಅಮೋಘಸಿದ್ಧನ ಗಂಟಲಿಗಾಗಿ ಕಾಯುತ್ತಿದ್ದಳು. ಇಬ್ಬರೂ ಒಬ್ಬರ ಮಾರಿ ಒಬ್ಬರು ನೋಡುತ್ತ ಕುಳಿತರು. ಬಿಸಿಲು ಏರಿತು.

"ನೀವೇನ್ ಲಗ್ನಾ ಮಾಡ್ಕೊಳ್ಳಾವ್ರೇನು ಹಂಗ ನೋಡಾಕ," ಅಂದಳು ಚನ್ನವ್ವ. ಅಮೋಘಸಿದ್ಧ ಕೆಂಪಗಾದ.

ಕಡೆಗೆ ಖಾಜಾಸಾಬ ದಾರಿ ತೆಗೆದ. ಒಂದು ಬಟ್ಟಲು ಪರಪ್ಪನ ಕೈಗೆ ಕೊಟ್ಟು, ಇನ್ನೊಂದನ್ನು ತಾನು ಎತ್ತಿ ಅದರ ಮೇಲೆ ಹೊಡೆದ. ಅವನ ತೋಳು ಇಳಿಯುವುದನ್ನು ಕಂಡು ಲಕ್ಕವ್ವ ಪೆಟ್ಟು ಹಾಕಿದಳು. ಪೆಟ್ಟು ಬಿದ್ದದ್ದೇ ತಡ ಅಮೋಘಸಿದ್ಧನ ಗಂಟಲಿನ ಗಂಟು ಬಿಚ್ಚಿತು. ಆದರೆ ಸ್ವಲ್ಪ ಹೊತ್ತಿಗೆ ಎಲ್ಲ ಚೆಲ್ಲಾಪಿಲ್ಲಿ. ಪಕ್ಕದ ಹೊಲದವನು ಎಮ್ಮೆ ಈಯುತ್ತಿದೆಯೇನು, ಕೈ ಹಚ್ಚಬೇಕೇನು ಅಂತ ಕೇಳಲು ಓಡಿ ಬಂದ.

ಕಾರಣ ಕಂಡುಹಿಡಿದವಳು ಚನ್ನವ್ವ. ಪರಪ್ಪ ಮುಂದೆ ಕುಳಿತು ಆನಂದದಿಂದ ತಲೆ ಅಲ್ಲಾಡಿಸುತ್ತಿದ್ದ. ಲಕ್ಕವ್ವನ ಕಣ್ಣು ಆ ತಲೆಗೆ ಸಿಕ್ಕಿ ಅವಳ ಕೈ ದಾರಿ ತಪ್ಪುತ್ತಿತ್ತು. ಅದೂ ಸಾಲದೆ, ಸಹಾಯ ಮಾಡೋಣ ಅಂತ ಅವನು ತನ್ನ ಬಟ್ಟಲನ್ನು ಖಾಜಾಸಾಬನ ಕಡೆ ತರುತ್ತಿದ್ದ.

"ಲೇ, ನೀ ಸಹಾಯ ಮಾಡಬ್ಯಾಡ," ಅಂದ ಖಾಜಾಸಾಬ. "ಸುಮ್ನ ಹಿಡಿ. ಗ್ವಾಡಿ ಹೆಂಗ ನಿಂದರ್ತೈತಿ, ಹಂಗ."

"ತಲಿ ತಾನ ಅಳ್ಳಾಡತೈತ್ಯೋ."

ಚನ್ನವ್ವ ಎದ್ದು ಕಂಬಳಿ ತಂದು ಗಂಡನ ತಲೆಯ ಮೇಲೆ ಹೊಚ್ಚಿದಳು. ಬಟ್ಟಲು ಹಿಡಿದ ಒಂದು ಕೈ ಮಾತ್ರ ಹೊರಗೆ ಬಿಟ್ಟಳು. ದಾರಿಯಲ್ಲಿ ಹೋಗುವವರಿಗೆ ಅದೊಂದು ಕಂಬಳಿಯ ಗುಡ್ಡೆ, ಅದಕ್ಕೊಂದು ಕೈ ಮೊಳೆತಂತೆ ಕಾಣುತ್ತಿತ್ತು.

ಕಂಬಳಿಯೊಳಗೆ ಕತ್ತಲು, ಕುರಿಯ ವಾಸನೆ, ಬೆವರು. ಪರಪ್ಪ ಹಲ್ಲು ಕಚ್ಚಿ ಕೈ ಸ್ಥಿರ ಹಿಡಿದ. ಠಣ್ ಅಂತು. ಡೊಳ್ಳಿನ ಪೆಟ್ಟು ಬಿತ್ತು. ಆಮೇಲೆ ಹಾಡು ಎದ್ದಿತು. ಅವನು ಹಂಗೇ ಕೇಳುತ್ತ ಕುಳಿತ. ಅಯ್ಯೋ, ಶಂಕರೆಪ್ಪ ಮನಸು ಬದಲಿಸಿ ಮೇಳ ಕರಕೊಂಡು ಬಂದಾನ ಅಂದುಕೊಂಡ. ಎಷ್ಟು ಛಲೋ ಮನುಷ್ಯ ಅಂದುಕೊಂಡ. ಡೊಳ್ಳಿನ ಪೆಟ್ಟು ನೆಲದಿಂದ ಏರಿ ಅವನ ಬೆನ್ನಿಗೆ ಬರುತ್ತಿತ್ತು, ಹಾಡು ಹೊಲದ ಆಚೆ ದಂಡೆಗೆ ಹೋಗಿ ತಿರುಗಿ ಬರುತ್ತಿತ್ತು. ಹಾಡು ಮುಗಿದಾಗ ಶಂಕರೆಪ್ಪನ ಕಾಲಿಗೆ ಬೀಳಬೇಕು ಅಂತ ಕಂಬಳಿ ಸರಿಸಿದ.

ಅಲ್ಲಿ ಅವರೇ ಇದ್ದರು. ಲಕ್ಕವ್ವ ಹಣೆ ಬೆವರು ಒರೆಸಿಕೊಳ್ಳುತ್ತಿದ್ದಳು. ಅಮೋಘಸಿದ್ಧ ನೆಲ ನೋಡುತ್ತಿದ್ದ. ಖಾಜಾಸಾಬನ ಕಣ್ಣಲ್ಲಿ ನೀರಿತ್ತು.

"ಯಾರ್ ಹಾಡಿದ್ರು?" ಅಂದ ಪರಪ್ಪ.

"ನೀವೂ ಇದ್ರೆಲ್ಲ," ಅಂದಳು ಚನ್ನವ್ವ.

ಪರಪ್ಪ ಇಷ್ಟು ವರ್ಷ ಹಾಡಿಕೆಯ ಹೊರಗೆ ಚಪ್ಪಲಿಗಳ ಜೋಡಿ ಕುಳಿತು ಕೇಳಿದವನು. ಅದರೊಳಗೆ ಕೂತರೆ ಹೀಗಿರುತ್ತದೆ ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಅವನು ಕಂಬಳಿಯನ್ನು ತಾನೇ ಎತ್ತಿ ಮತ್ತೆ ತಲೆ ಮೇಲೆ ಹಾಕಿಕೊಂಡು, "ಇನ್ನೊಮ್ಮೆ," ಅಂದ.

ಸೋಮವಾರ ನಸುಕಿನಲ್ಲಿ ಶಂಕರೆಪ್ಪ ಮುದ್ದೇಬಿಹಾಳದ ಮಾರ್ಕೆಟ್ಟಿಗೆ ಶೇಂಗಾ ಲಾರಿಯ ಸಂಗಡ ಹೋದ ಅನ್ನುವುದನ್ನು ಖಾತ್ರಿ ಮಾಡಿಕೊಂಡು ಇವರು ವಿಜಾಪುರದ ಬಸ್ಸು ಹತ್ತಿದರು. ಕಂಡಕ್ಟರ್ ಡೊಳ್ಳನ್ನು ನೋಡಿ, ಇದನ್ನು ಮೇಲೆ ಹಾಕಿರಿ ಅಂದ. ಮೇಲೆ ಹಾಕಿದರೆ ಗಾಳಿಗೆ ಚರ್ಮ ಸಡಿಲಾಗುತ್ತದೆ ಅಂದ ಪರಪ್ಪ. ಹಾಗಾದರೆ ಇದು ಒಂದು ಸೀಟು ತಿನ್ನುತ್ತದೆ, ಟಿಕೆಟ್ ತೆಗೆಸಿರಿ ಅಂದ ಕಂಡಕ್ಟರ್. ಇದು ಬೀರಪ್ಪನ ಡೊಳ್ಳು, ದೇವರಿಗೆ ಟಿಕೆಟ್ ಹರಿಯುತ್ತೀಯೇನು ಅಂದಳು ಚನ್ನವ್ವ. ತುರ್ತು ಪರಿಸ್ಥಿತಿಯಲ್ಲಿ ಯಾರ ವಿರುದ್ಧ ಏನು ಬರೆದರೆ ಏನಾದೀತೋ ಅನ್ನುವ ಅಂಜಿಕೆ ಕಂಡಕ್ಟರನಿಗೂ ಇತ್ತು. ಅವನು ಕೈ ಮುಗಿದು ಮುಂದೆ ಹೋದ. ಲಕ್ಕವ್ವ ಡೊಳ್ಳನ್ನು ತೊಡೆಯ ಮೇಲೆ ಇಟ್ಟುಕೊಂಡು ಅಂಗೈಯನ್ನು ಅದರ ಚರ್ಮಕ್ಕೆ ಹಚ್ಚಿ ಕುಳಿತಿದ್ದಳು. ಇಂಜಿನ್ನಿನ ಗುದ್ದು ಅದರೊಳಗಿಂದ ಅವಳ ಕೈಗೆ ಬರುತ್ತಿತ್ತು. ವಿಜಾಪುರ ದಾಟಿ ಇಂಡಿ ಮುಟ್ಟುವ ತನಕ ಅವಳು ಕೈ ತೆಗೆಯಲಿಲ್ಲ, ನಗುವುದನ್ನೂ ಬಿಡಲಿಲ್ಲ.

ಸಾಲೋಟಗಿಯ ಹಂದರದಲ್ಲಿ ಕಾಲಿಡಲು ಜಾಗವಿರಲಿಲ್ಲ. ವೀಳ್ಯ ತಿಂದ ಹಿರಿಯನನ್ನು ನೋಡಲು ಸುತ್ತಿನ ಹಳ್ಳಿಯವರೂ ಬಂದಿದ್ದರು. ಇಂಡಿಯಿಂದ ಬಂದ ರಾವಸಾಬ ಅನ್ನುವ ಒಬ್ಬ ಮುದುಕ ಎಲ್ಲರಿಗಿಂತ ಮುಂದೆ ಕುಳಿತಿದ್ದ. ಹಾಡಿಕೆಯಲ್ಲಿ ತಪ್ಪು ಹುಡುಕುವುದರಲ್ಲಿ ಅವನನ್ನು ಮೀರಿಸಿದವರಿಲ್ಲ ಅಂತ ಹೆಸರು.

ಕಸ್ತೂರೆವ್ವನ ಅತ್ತೆ ತಿಪ್ಪವ್ವ ಲಕ್ಕವ್ವನಿಗೆ ನೀರು ಕೊಟ್ಟು, ಯಾವ ಊರು, ಯಾರ ಮಗಳು, ಮಕ್ಕಳೆಷ್ಟು ಅಂತ ಕೇಳಿದಳು. ಲಕ್ಕವ್ವ ಸುಮ್ಮನೆ ನಕ್ಕಳು. ತಿಪ್ಪವ್ವ ಒಳಗೆ ಹೋಗಿ ಹೆಂಗಸರಿಗೆ ಹೇಳಿದಳು, "ಹಾಡಿಕಿ ಮುಗಿಯೂತನಕ ಮೌನ ಹಿಡದಾಳ. ಅಂಥಾ ನೇಮ ಅವರದು."

ರೇವಣಪ್ಪ ಖಾಜಾಸಾಬನ ಒಂದೇ ಕೈ ನೋಡಿದ. ಊರಿನ ಕಲ್ಲಿನ ಕಂಬದ ದೆಸೆಯಿಂದ ಅವನಿಗೆ ಅರ್ಥ ಆಗಲೇ ಹೊಳೆಯಿತು. "ಎರಡು ಕೈಲೆ ಯಾರ್ ಬೇಕಾದವರು ತಾಳ ಬಡೀತಾರ," ಅಂದ ಪಕ್ಕದವನಿಗೆ. "ಒಂದ ಕೈಲೆ ನುಡಸಾವ್ರನ್ನ ಹುಡಿಕ್ಯಾಡಿ ತಂದಾನ ನಮ್ಮ ಬೀಗ."

ಕಸ್ತೂರೆವ್ವನಿಗೆ ಮಾತ್ರ ಯಾವ ಅರ್ಥವೂ ಹೊಳೆಯಲಿಲ್ಲ. ಅವಳು ಇವರೆಲ್ಲರನ್ನೂ ಸಣ್ಣವಳಿದ್ದಾಗಿನಿಂದ ಬಲ್ಲಳು. ಅವಳ ಮಾರಿ ಸುಣ್ಣದಂತಾಯಿತು.

"ಯಪ್ಪಾ, ಶಂಕರೆಪ್ಪ ಕಾಕಾ ಎಲ್ಲಿ?"

"ಬರಲಿಲ್ಲವ್ವ."

"ಮತ್ತ ಹಾಡಾವ್ರು ಯಾರು?"

"ನಾವ."

ಅವಳು ತಂದೆಯ ಮಾರಿಯನ್ನೇ ನೋಡಿದಳು. ತಿರುಗಿ ಒಳಗೆ ಹೋದಳು. ಪರಪ್ಪನಿಗೆ ತನ್ನ ಜೀವಮಾನದ ಬಡಾಯಿಯೆಲ್ಲ ಒಂದೊಂದಾಗಿ ನೆನಪಿಗೆ ಬಂತು.

ಅಷ್ಟರಲ್ಲಿ ಇನ್ನೊಂದು ಸಂಕಟ. ಹಿರಿಯರು ಅಂತ ರೇವಣಪ್ಪ ಅವನನ್ನು ಎಲ್ಲರ ಮುಂದೆ, ನಡುವೆ ಕೂಡಿಸಿದ. ಹೊಸ ರುಮಾಲು ಸುತ್ತಿದ. ಕಂಬಳಿ ಹೊದ್ದು ಕುಳಿತುಕೊಳ್ಳುತ್ತೇನೆ ಅಂದರೆ, ಜ್ವರ ಬಂದಾವೇನು ಅಂತ ಹಣೆ ಮುಟ್ಟಿ ನೋಡಿ ಕಂಬಳಿ ಕಸಿದುಕೊಂಡ. ಪರಪ್ಪನ ಎದುರಿಗೆ ಸರಿಯಾಗಿ ಲಕ್ಕವ್ವ. ಇವನ ತಲೆ ಅಲ್ಲಾಡಿದರೆ ಮುಗಿಯಿತು.

ಕಸ್ತೂರೆವ್ವ ಹೊರಗೆ ಬಂದಳು. ಟೊಂಕದ ಮೇಲೆ ಆಗಷ್ಟೇ ತಲೆ ಬೋಳಿಸಿಕೊಂಡ ಕೂಸು, ಕ್ಷೌರದ ಕತ್ತಿಗೆ ಹೆದರಿ ಅತ್ತು ಅತ್ತು ದನಿ ಬಿದ್ದಿತ್ತು. ಅವಳು ಅದನ್ನು ತಂದೆಯ ತೊಡೆಯ ಮೇಲೆ ಕೂಡಿಸಿ, ಅದರ ಎರಡೂ ಕೈಗಳನ್ನು ಅವನ ಮೀಸೆಯ ಹತ್ತಿರ ತಂದಳು. ಕೂಸು ಎರಡೂ ಮುಷ್ಟಿಯಲ್ಲಿ ಮೀಸೆ ಹಿಡಿಯಿತು.

"ಇಂವ ಹಿಡದ್ರ ಬಿಡೂದಿಲ್ಲ," ಅಂದಳು ಮೆಲ್ಲಗೆ. "ಇನ್ನ ನಿನ್ನ ತಲಿ ಅಳ್ಳಾಡೂದಿಲ್ಲ. ಹಾಡ್ರಿ."

ಖಾಜಾಸಾಬ ತಾಳ ಎತ್ತಿದ. ಪರಪ್ಪ ತನ್ನ ಬಟ್ಟಲು ಹಿಡಿದ. ಅದೇ ಹೊತ್ತಿಗೆ ಹಂದರದ ಬಾಗಿಲಲ್ಲಿ ಶಂಕರೆಪ್ಪ ನಿಂತದ್ದು ಕಂಡಿತು.

ಶೇಂಗಾ ಬೇಗ ಮಾರಿ ಊರಿಗೆ ಬಂದವನು, ಗುಡಿಯಲ್ಲಿ ಡೊಳ್ಳು ತೂಗುಹಾಕುವ ಗೂಟ ಖಾಲಿ ಇರುವುದನ್ನು ನೋಡಿದ್ದ. ಕಾಲಿಗೆ ನೀರು ಸೈತ ಹಾಕಿಕೊಳ್ಳದೆ ಬಸ್ಸು ಹಿಡಿದಿದ್ದ. ಮೊದಲಿನ ಕಾಲವಾಗಿದ್ದರೆ ಬಸ್ಸು ತಡವಾಗಿ ಎಲ್ಲ ಸುಸೂತ್ರ ಮುಗಿದಿರುತ್ತಿತ್ತು. ಈಗ ಬಸ್ಸುಗಳು ವೇಳೆಗೆ ಬರುತ್ತಿದ್ದವು. ನಾಲ್ಕು ಮಂದಿಯ ಮುಂದೆ ಡೊಳ್ಳು ಕಸಿದುಕೊಂಡು ಹೋಗುತ್ತೇನೆ ಅನ್ನುವ ಸಿಟ್ಟು ಅವನ ಮಾರಿಯ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು.

ಪರಪ್ಪನ ಕೈ ಕೆಳಗೆ ಬಿತ್ತು. ಖಾಜಾಸಾಬನ ತಾಳ ಗಾಳಿಯಲ್ಲಿ ಬೀಸಿ ಹೋಯಿತು. ಪೆಟ್ಟಿಲ್ಲ. ಲಕ್ಕವ್ವನ ಕೈ ಮೇಲೆಯೇ ನಿಂತಿತು. ಹಾಡಲು ಬಾಯಿ ತೆರೆದಿದ್ದ ಅಮೋಘಸಿದ್ಧ ಮೊದಲ ಅಕ್ಷರದಲ್ಲೇ ಸಿಕ್ಕಿಬಿದ್ದ. "ಕು... ಕು... ಕು..."

ಹಂದರದ ಮಂದಿ ಕತ್ತು ಉದ್ದ ಮಾಡಿದರು.

"ಆಲಾಪ," ಅಂದ ರೇವಣಪ್ಪ ಪಿಸುದನಿಯಲ್ಲಿ.

"ಇದು ಬ್ಯಾರೆ ಘರಾಣೆ," ಅಂದ ಪಕ್ಕದವನು.

ರಾವಸಾಬ ಮುದುಕ ಕಿವಿಗೆ ಕೈ ಇಟ್ಟು ಮುಂದೆ ಬಾಗಿದ. ಶಂಕರೆಪ್ಪ ಮಂದಿಯನ್ನು ಸರಿಸುತ್ತ ಒಂದು ಹೆಜ್ಜೆ ಒಳಗೆ ಬಂದ. ಬಾಗಿಲಲ್ಲಿ ಕಸ್ತೂರೆವ್ವ ಚೌಕಟ್ಟು ಹಿಡಿದು ನಿಂತಿದ್ದಳು. ಅವಳ ಪಕ್ಕ ತಿಪ್ಪವ್ವ ಸೊಸೆಯ ಮಾರಿ ನೋಡಿದಳು, ಆಮೇಲೆ ಬೀಗನ ಮಾರಿ ನೋಡಿದಳು.

ಆಗ ಕೂಸು ಮೀಸೆ ಜಗ್ಗಿತು. ಅಂತಿಂಥ ಜಗ್ಗು ಅಲ್ಲ, ಬೋಳಿಸಿಕೊಂಡ ತಲೆಯ ಸೇಡೆಲ್ಲ ಅದರಲ್ಲಿತ್ತು. ಪರಪ್ಪನ ಕಣ್ಣಲ್ಲಿ ನೀರು ಬಂದು ಕೈ ತಾನಾಗಿ ಮೇಲೆ ಹೋಯಿತು. ಖಾಜಾಸಾಬ ಅದಕ್ಕಾಗಿಯೇ ಕಾಯುತ್ತಿದ್ದವನು, ಬಿಟ್ಟಾನೆಯೇ. ಠಣ್ ಅಂತು. ಲಕ್ಕವ್ವನ ಕೈ ಇಳಿಯಿತು. ಡೊಳ್ಳಿನ ಪೆಟ್ಟು ಹಂದರದ ಕಂಬಗಳಿಗೆ ತಾಗಿತು, ಅಮೋಘಸಿದ್ಧನ ದನಿ ಕಟ್ಟೆಯೊಡೆದು ಬಂತು.

*ಕುರಿಯ ಹಿಂಡಿನಾಗ ಕುಂಟಮರಿ ಒಂದು ಹಿಂದ ಉಳದಿತ್ತೋ*
*ಬೀರಣ್ಣ ತಿರುಗಿ ನೋಡಿದನೋ, ಹಿಂಡೆಲ್ಲ ನಿಂದಿತ್ತೋ*

ಆ ಹಾಡನ್ನು ಹೇಗೆ ಹೇಳಲಿ. ಅಲ್ಲಿ ಇದ್ದವರು ಇವತ್ತಿಗೂ ಹೇಳಲು ಹೋಗಿ ಅರ್ಧಕ್ಕೆ ಸುಮ್ಮನಾಗುತ್ತಾರೆ. ಅಮೋಘಸಿದ್ಧ ಕಣ್ಣು ಮುಚ್ಚಿದ್ದ, ಅವನ ಮುಂದೆ ಮಂದಿ ಇರಲಿಲ್ಲ, ಅಡವಿ ಇತ್ತು. ಗುಡಿಯಲ್ಲಿ ಹೆಸರು ಹೇಳಲು ಬಾರದೆ ತಿರುಗಿ ಹೋದವನು ಈಗ ಒಂದು ಅಕ್ಷರಕ್ಕೂ ಎಡವದೆ ಹಾಡುತ್ತಿದ್ದ. ಲಕ್ಕವ್ವನ ಕಣ್ಣು ಅವನ ಗಂಟಲಿನ ಮೇಲೆ, ಖಾಜಾಸಾಬನ ತೋಳಿನ ಮೇಲೆ ಹಾಯುತ್ತಿತ್ತು. ಅವನು ದನಿ ಎತ್ತಿದರೆ ಅವಳ ಕೈ ಏರುತ್ತಿತ್ತು, ಅವನು ಉಸಿರು ತಗೊಂಡರೆ ಅವಳ ಕೈ ಕಾಯುತ್ತಿತ್ತು. ತಾನು ಮಾಡುತ್ತಿರುವ ಸಪ್ಪಳ ಅವಳಿಗೆ ಕೇಳುತ್ತಿರಲಿಲ್ಲ. ಹಂದರದಲ್ಲಿದ್ದ ನೂರಾರು ಮಂದಿಗೆ ಕೇಳುತ್ತಿತ್ತು, ಅವರ ಎದೆಯೊಳಗೆ ಹೋಗಿ ಬಡಿಯುತ್ತಿತ್ತು. ಅಳುತ್ತಿದ್ದ ಕೂಸು ಬಾಯಿ ತೆರೆದು ಕುಳಿತಿತ್ತು. ಪರಪ್ಪ ಉಸಿರು ಬಿಗಿಹಿಡಿದು, ಬಟ್ಟಲು ಎತ್ತಿ, ಕಲ್ಲಿನಂತೆ ಕುಳಿತಿದ್ದ. ಖಾಜಾಸಾಬನ ಪ್ರತಿ ಪೆಟ್ಟು ಅವನ ಅಂಗೈಯಿಂದ ಭುಜಕ್ಕೆ, ಭುಜದಿಂದ ಎಲ್ಲಿಗೋ ಒಳಗೆ ಹೋಗುತ್ತಿತ್ತು. ಹುಟ್ಟಿದಾರಭ್ಯ ಇಲ್ಲದ ಲಯ ಇವತ್ತು ಒಬ್ಬ ಒಂದೇ ಕೈಯವನ ಕಡೆಯಿಂದ ಅವನ ಮೈಗೆ ಬರುತ್ತಿತ್ತು.

ಶಂಕರೆಪ್ಪ ಎರಡನೆಯ ಹೆಜ್ಜೆ ಇಡಲಿಲ್ಲ. ಹಂದರದ ಕಂಬ ಹಿಡಿದು ನಿಂತುಬಿಟ್ಟ. ಬಯ್ಯಲು ತೆರೆದ ಬಾಯಿ ತೆರೆದೇ ಇತ್ತು. ಈ ದನಿಯನ್ನು ತನ್ನ ಮುಂದೆಯೇ ನಕ್ಕು ಕಳಿಸಿದ್ದರು. ಈ ತಾಳದ ಕೈ ತನ್ನ ಪಕ್ಕದಲ್ಲೇ ಕುಳಿತಿತ್ತು, ಒಂದು ದಿನ ಕಾಣೆಯಾದಾಗ ತಾನು ಹೋಗಿ ಕರೆದಿರಲಿಲ್ಲ. ಈ ಹೆಣ್ಣುಮಗಳು ತನ್ನ ಮನೆಯ ಜೋಳವನ್ನೂ ಕುಟ್ಟಿದ್ದಳು.

ಹಾಡು ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ರಾವಸಾಬ ಮುದುಕ ಎದ್ದು ನಿಂತು, ತಲೆಯ ಮೇಲಿನ ರುಮಾಲು ತೆಗೆದು ಡೊಳ್ಳಿನ ಮುಂದೆ ಇಟ್ಟ. ತಿಪ್ಪವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು, ಓಣಿಗೆಲ್ಲ ಕೇಳುವಂತೆ, "ನಮ್ಮ ಕಸ್ತೂರಿ ತವರಿನ ಮ್ಯಾಳ," ಅಂದಳು. ಕಸ್ತೂರೆವ್ವನನ್ನು ಅವಳು ಹೆಸರು ಹಿಡಿದು, ನಮ್ಮ ಅಂತ ಕರೆದದ್ದು ಅದೇ ಮೊದಲು.

ರೇವಣಪ್ಪನ ಕಣ್ಣು ಆಗ ಕಂಬದ ಹತ್ತಿರ ನಿಂತ ಪರಊರಿನವನ ಮೇಲೆ ಬಿತ್ತು. ಧೂಳು ಮೆತ್ತಿದ ಧೋತ್ರ, ಬೆವರು ಸುರಿಯುವ ಮಾರಿ.

"ಯಾರ್ರಿ ನೀವು? ಯಾವೂರು?"

ಎಲ್ಲರೂ ಆ ಕಡೆ ತಿರುಗಿದರು. ಒಂದೇ ಒಂದು ಮಾತು, ಎಲ್ಲ ಮುಗಿದುಹೋಗುತ್ತಿತ್ತು. ಕಸ್ತೂರೆವ್ವ ಚೌಕಟ್ಟು ಹಿಡಿದ ಕೈ ಬಿಡದೆ ಶಂಕರೆಪ್ಪನನ್ನು ನೋಡಿದಳು. ಶಂಕರೆಪ್ಪ ಅವಳನ್ನು ನೋಡಿದ. ಆಮೇಲೆ ಡೊಳ್ಳಿನ ಕಡೆ ನೋಡಿದ. ಲಕ್ಕವ್ವನ ಅಂಗೈ ಇನ್ನೂ ಅದರ ಚರ್ಮದ ಮೇಲೆಯೇ ಇತ್ತು.

"ನಾನೇನ್ರಿ?" ಅಂದ ಶಂಕರೆಪ್ಪ. ಆ ದೊಡ್ಡ ದನಿ ಸಣ್ಣಗಾಗಿತ್ತು. "ಮಸೂತ್ಯಾಂವ್ರಿ. ಇವರ ಡೊಳ್ಳು ಹೊರಾಂವ."

"ಈಗ ಬಂದ್ಯೇನು? ತಡಾ ಆತಲ್ಲೋ," ಅಂದ ರೇವಣಪ್ಪ. ಹೊರುವವನಿಗೆ ಬಹುವಚನ ಯಾಕೆ ಅಂತ ಅವನ ದನಿ ಆಗಲೇ ಇಳಿದಿತ್ತು.

"ಹೌದ್ರಿ," ಅಂದ ಶಂಕರೆಪ್ಪ. "ಭಾಳ ತಡಾ ಆತು."

"ಇರ್ಲಿ. ಹೋಗು, ಅಲ್ಲಿ ಚಪ್ಪಲಿ ಹತ್ರ ಕುಂದ್ರು. ಊಟಕ್ಕ ಕರೀತೇವಿ."

ಬಾಗೇವಾಡಿ ಗೆದ್ದ, ಸಿಂದಗಿಯನ್ನು ಸೋಲಿಸಿದ ಶಂಕರೆಪ್ಪ ಹೋಗಿ ಚಪ್ಪಲಿಗಳ ಪಕ್ಕ ಕುಳಿತ. ಅಲ್ಲಿಂದ ಮುಂದಿನ ಹಾಡಿಕೆಯನ್ನೆಲ್ಲ ಕೇಳಿದ. ಆ ಜಾಗದಿಂದ ಹಾಡಿಕೆ ಹೇಗೆ ಕೇಳುತ್ತದೆ ಅನ್ನುವುದು ಅವನಿಗೂ ಗೊತ್ತಾಗಲಿ ಬಿಡ್ರಿ.

ಹೊತ್ತು ಇಳಿದಾಗ ಹೊರಟರು. ರೇವಣಪ್ಪ ಮುಂದಿನ ವರ್ಷಕ್ಕೂ ಈಗಲೇ ಅಂತ ಹಿತ್ತಾಳೆ ತಾಟು ತಂದ. ಪರಪ್ಪ ಈ ಸಲ ಎರಡೂ ಕೈಯಲ್ಲಿ ವೀಳ್ಯ ತಗೊಂಡು ಕಣ್ಣಿಗೆ ಒತ್ತಿಕೊಂಡು ಶಲ್ಯದ ಸೆರಗಿನಲ್ಲಿ ಗಂಟು ಹಾಕಿದ. ಇವತ್ತು ಯಾಕೋ ತಿನ್ನಲಿಲ್ಲ ಅಂತ ಸಾಲೋಟಗಿಯವರು ಅದಕ್ಕೂ ಒಂದು ಅರ್ಥ ಹುಡುಕುತ್ತ ಉಳಿದರು.

ಡೊಳ್ಳು ಶಂಕರೆಪ್ಪನ ಬೆನ್ನ ಮೇಲಿತ್ತು.

"ಹಗ್ಗ ಭುಜಾ ಕೊಯ್ತೈತಿ," ಅಂದ, ಅಗಸಿ ದಾಟಿದ ಮೇಲೆ.

"ಬಲಗಡೆ ಸರಸ್ರಿ ಅಣ್ಣಾ, ಒಳಗ ಟಾವೆಲ್ ಮಡಚಿ ಇಟಗೋರಿ," ಅಂದ ಪರಪ್ಪ. ಈ ವಿಷಯದಲ್ಲಿ ಮಾತ್ರ ಅವನು ಖರೇ ಹಿರಿಯ.

ಶಂಕರೆಪ್ಪ ಟಾವೆಲ್ ಮಡಚಿ ಇಟ್ಟುಕೊಂಡ. ಸ್ವಲ್ಪ ದೂರ ನಡೆದು, ಹಿಂದೆ ಬರುತ್ತಿದ್ದ ಅಮೋಘಸಿದ್ಧನಿಗಾಗಿ ನಿಂತ. "ತಮ್ಮಾ, ನಿನ್ನ ಹೆಸರು ಏನು ಅಂದಿ ಅವತ್ತ? ಪೂರ್ತಿ ಹೇಳು. ನನಗೇನೂ ಅವಸರ ಇಲ್ಲ."

ಅಮೋಘಸಿದ್ಧ ಹೇಳಿದ. ಹೇಳಿ ಮುಗಿಸಲು ಬಹಳ ಹೊತ್ತು ಹಿಡಿಯಿತು. ಎಲ್ಲರೂ ದಾರಿಯ ಮೇಲೆ ನಿಂತು ಕೇಳಿದರು.

ಬಸ್ಸು ವೇಳೆಗೆ ಸರಿಯಾಗಿ ಬಂತು. ಡೊಳ್ಳು ಶಂಕರೆಪ್ಪನ ತೊಡೆಯ ಮೇಲೆ ಕುಳಿತಿತು, ಪಕ್ಕದಿಂದ ಲಕ್ಕವ್ವ ಅದಕ್ಕೆ ಅಂಗೈ ಹಚ್ಚಿದಳು. ಅವಳು ಮತ್ತೆ ಯಾಕೆ ನಗುತ್ತಿದ್ದಾಳೆ ಅಂತ ನೋಡಲು ಶಂಕರೆಪ್ಪ ತಾನೂ ಅಂಗೈ ಹಚ್ಚಿದ, ಹಚ್ಚಿದ ಕೈ ತೆಗೆಯಲಿಲ್ಲ. ಖಾಜಾಸಾಬನಿಗೆ ಕಿಟಕಿಯ ಗಾಳಿಗೆ ನಿದ್ದೆ ಹತ್ತಿತು. ಅವನ ಪಕ್ಕ ಪರಪ್ಪ, ಮೀಸೆಯ ಎರಡೂ ಕಡೆ ಕೆಂಪಗೆ ಬಾತುಕೊಂಡು, ತನ್ನ ಬಟ್ಟಲನ್ನು ಎತ್ತಿ ಹಿಡಿದು ನೆಟ್ಟಗೆ ಕುಳಿತಿದ್ದ. ಕಂಡಕ್ಟರ್ ಬಂದು ಟಿಕೆಟ್ ಕೇಳಿದರೂ ಆ ಕೈ ಅಲ್ಲಾಡಲಿಲ್ಲ. ಇಂಡಿ ದಾಟಿತು, ಆಗಲೂ ಹಾಗೇ ಇತ್ತು. ಇಳಿಸು ಅಂತ ಅವನಿಗೆ ಯಾರೂ ಹೇಳಿರಲಿಲ್ಲ.